ನಾಲ್ಕು ಸಾಲಿನ ಹಿಂದೆ ನಲವತ್ತು ವರ್ಷ

ಜಾವಾಸ್ಕ್ರಿಪ್ಟ್ ಬರೆಯೋ ಸ್ನೇಹಿತರಿಗೆ ಇದು ಗೊತ್ತಿರುತ್ತೆ. ಎಷ್ಟೋ ಪ್ರಾಜೆಕ್ಟುಗಳಲ್ಲಿ, 'ಯುಟಿಲ್ಸ್' ಅಂತ ಹೆಸರಿಟ್ಟ ಫೋಲ್ಡರಿನ ಯಾವುದೋ ಮೂಲೆಯಲ್ಲಿ, 'ಟು' ಅನ್ನೋ ಒಂದು ಪುಟಾಣಿ ಫಂಕ್ಷನ್ ಕೂತಿರುತ್ತೆ. ಮೂರೋ ನಾಲ್ಕೋ ಸಾಲು, ಅಷ್ಟೆ. ಅದರ ಕೈಗೆ ಒಂದು ಪ್ರಾಮಿಸ್ ಕೊಟ್ಟರೆ, ಏನೂ ಗಲಾಟೆ ಮಾಡದೆ ಒಂದು ಜೋಡಿ ವಾಪಸ್ ಕೊಡುತ್ತೆ. ಜೋಡಿಯಲ್ಲಿ ಮೊದಲನೆಯದು ಎರರ್, ಎರಡನೆಯದು ಫಲಿತಾಂಶ. ಕೆಲಸ ಆಗಿದ್ದರೆ ಎರರ್ ಜಾಗ ಖಾಲಿ, ಕೆಟ್ಟಿದ್ದರೆ ಫಲಿತಾಂಶದ ಜಾಗ ಖಾಲಿ.

ಇಷ್ಟು ಸಣ್ಣದಕ್ಕೆ ಚರಿತ್ರೆ ಬೇರೆ ಇದೆಯಾ ಅಂತ ನೀವು ಕೇಳಬಹುದು. ಇದೆ. ಅದೂ ಸ್ವಲ್ಪ ಜಗಳದ ಚರಿತ್ರೆ. ಒಂದು ಕೆಲಸ 'ಆಮೇಲೆ ಮಾಡಿಕೊಡ್ತೀನಿ' ಅಂತ ಕಂಪ್ಯೂಟರ್ ಮಾತು ಕೊಟ್ಟು, ಆಮೇಲೆ ಆ ಮಾತು ಮುರಿದುಹೋದರೆ ಅದನ್ನು ಯಾರಿಗೆ ಹೇಳಬೇಕು? ಹೇಳೋ ಹೊತ್ತಿಗೆ ಕೇಳೋರು ಯಾರೂ ಇಲ್ಲದಿದ್ದರೆ? ಈ ಎರಡು ಪ್ರಶ್ನೆಗಳಿಗೆ ಬಹಳ ಬುದ್ಧಿವಂತರು ದಶಕಗಟ್ಟಲೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಡುವೆ ಸಿಕ್ಕಿದ್ದ ಒಂದು ಒಳ್ಳೆ ಉತ್ತರವನ್ನು ನಾವೆಲ್ಲ ಸೇರಿ ಕಳೆದುಕೊಂಡೆವು ಅನ್ನೋದು ನನ್ನ ಅಭಿಪ್ರಾಯ. ಅದನ್ನು ಹೇಳೋಕೇ ಈ ಬರಹ.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗಾಗಿ ಒಂದು ಮಾತು. ಟೈಲರ್ ಹತ್ತಿರ ಬಟ್ಟೆ ಕೊಡ್ತೀರಿ. ಅವನು ಒಂದು ಚೀಟಿ ಹರಿದು ಕೊಡ್ತಾನೆ. ಶರ್ಟ್ ಹೊಲಿಯೋ ತನಕ ನೀವು ಅಂಗಡಿ ಮುಂದೆ ನಿಂತಿರಬೇಕಾಗಿಲ್ಲ, ತರಕಾರಿ ತರಬಹುದು, ಬ್ಯಾಂಕಿಗೆ ಹೋಗಬಹುದು. ಆ ಚೀಟಿ ಶರ್ಟ್ ಅಲ್ಲ, ಆದರೆ ಮುಂದೆ ಅದನ್ನು ತೋರಿಸಿದರೆ ಶರ್ಟ್ ಸಿಗುತ್ತೆ. ಪ್ರೋಗ್ರಾಮಿನಲ್ಲಿ ಪ್ರಾಮಿಸ್ ಅಂದರೆ ಆ ಚೀಟಿ. ಡೇಟಾಬೇಸಿನಿಂದ, ನೆಟ್‌ವರ್ಕಿನಿಂದ ಉತ್ತರ ಬರೋದಕ್ಕೆ ಹೊತ್ತು ಹಿಡಿಯುತ್ತಲ್ಲ, ಅಷ್ಟು ಹೊತ್ತು ಪ್ರೋಗ್ರಾಂ ಸುಮ್ಮನೆ ಕಾಯದೆ ಚೀಟಿ ಇಟ್ಟುಕೊಂಡು ಬೇರೆ ಕೆಲಸ ನೋಡಿಕೊಳ್ಳುತ್ತೆ.

ಇಲ್ಲಿಯವರೆಗೆ ಸುಖ. ಈಗ, ಇಸ್ತ್ರಿ ಮಾಡುವಾಗ ನಿಮ್ಮ ಶರ್ಟ್ ಸುಟ್ಟುಹೋಯ್ತು ಅಂತ ಇಟ್ಟುಕೊಳ್ಳಿ. ಟೈಲರ್‌ಗೆ ನಿಮ್ಮ ಮನೆ ಗೊತ್ತಿಲ್ಲ. ನೀವು ಚೀಟಿ ಹಿಡಿದು ಬಂದರೆ ಹೇಳ್ತಾನೆ. ಬರದೇ ಇದ್ದರೆ? ಸುಟ್ಟ ಶರ್ಟು ಅಲ್ಲೇ ಮೂಲೆಯಲ್ಲಿ ನೇತಾಡುತ್ತಿರುತ್ತೆ, ನಿಮಗೆ ಯಾವತ್ತೂ ತಿಳಿಯಲ್ಲ. ಈ ಸುಟ್ಟ ಶರ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಇಡೀ ಕಥೆ ಇದರ ಸುತ್ತಲೇ.

ಚೀಟಿಯ ಕಲ್ಪನೆ ಹುಟ್ಟಿದ್ದು 1976-77ರಲ್ಲಿ, ಮೂರು ಕಡೆ, ಹೆಚ್ಚುಕಡಿಮೆ ಒಟ್ಟಿಗೇ. 1976ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ 'ಪ್ರಾಮಿಸ್' ಅನ್ನೋ ಪದ ಬಳಸಿದರು. ಅದೇ ವರ್ಷ ಪೀಟರ್ ಹಿಬ್ಬರ್ಡ್ ಅದನ್ನೇ 'ಇವೆಂಚುಯಲ್' ಅಂತ ಕರೆದರು. 1977ರಲ್ಲಿ ಎಂಐಟಿಯ ಹೆನ್ರಿ ಬೇಕರ್ ಮತ್ತು ಕಾರ್ಲ್ ಹೆವಿಟ್ 'ಫ್ಯೂಚರ್' ಅಂದರು. ಇವತ್ತಿಗೂ ಒಂದು ಭಾಷೆಯಲ್ಲಿ ಫ್ಯೂಚರ್, ಇನ್ನೊಂದರಲ್ಲಿ ಪ್ರಾಮಿಸ್ ಅಂತ ಎರಡು ಹೆಸರು ಉಳಿದುಕೊಂಡಿರೋದು ಇದೇ ಕಾರಣಕ್ಕೆ. ಬೇಕರ್-ಹೆವಿಟ್ ಪ್ರಬಂಧದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಅದರ ವಿಷಯ. ಅವರ ಚಿಂತೆ ಚೀಟಿ ಹೇಗೆ ಕೊಡಬೇಕು ಅನ್ನೋದಕ್ಕಿಂತ, ಯಾರಿಗೂ ಬೇಡವಾದ ಚೀಟಿಯ ಹಿಂದೆ ಇನ್ನೂ ದುಡಿಯುತ್ತಿರೋ ಪ್ರೋಸೆಸ್ಸನ್ನು ಹೇಗೆ ಪತ್ತೆ ಮಾಡಿ ಕಸ ಗುಡಿಸಬೇಕು ಅನ್ನೋದು! ಅಂದರೆ 'ಕೇಳೋರೇ ಇಲ್ಲದ ಮಾತು' ಅನ್ನೋ ಸಮಸ್ಯೆ ಮೊದಲ ದಿನದಿಂದಲೇ ಇತ್ತು.

1985ರಲ್ಲಿ ಎಂಐಟಿಯ ರಾಬರ್ಟ್ ಹಾಲ್‌ಸ್ಟೆಡ್ ಮಲ್ಟಿಲಿಸ್ಪ್ ಅನ್ನೋ ಭಾಷೆಯಲ್ಲಿ ಫ್ಯೂಚರನ್ನು ನಿಜವಾದ ಕೆಲಸಕ್ಕೆ ಹಚ್ಚಿದರು. ಅದರಲ್ಲಿ ಚೀಟಿಗೂ ಶರ್ಟಿಗೂ ಮೇಲ್ನೋಟಕ್ಕೆ ವ್ಯತ್ಯಾಸವೇ ಇಲ್ಲ. ಚೀಟಿಯನ್ನೇ ಶರ್ಟ್ ಅಂದುಕೊಂಡು ಎಲ್ಲಿ ಬೇಕಾದರೂ ಕೊಡಬಹುದು, ಯಾರಾದರೂ ನಿಜವಾಗಿ ಮುಟ್ಟಿದಾಗ ಮಾತ್ರ ಕಾಯಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಕೆಲಸ ಕೆಟ್ಟಿದ್ದರೆ ಆ ಸುದ್ದಿ ಎಲ್ಲಿ ಸಿಡಿಯುತ್ತೆ? ಮೊದಲು ಯಾರು ಮುಟ್ಟಿದರೋ ಅವರ ಕೈಯಲ್ಲಿ. ಅವರಿಗೆ ಅದು ಚೀಟಿ ಅಂತಲೇ ಗೊತ್ತಿರಲ್ಲ, ಪಾಪ.

ಈಗ ನನ್ನ ಮೆಚ್ಚಿನ ಭಾಗ. 1988ರಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಲಿಯುಬಾ ಶ್ರಿರಾ ಎಂಐಟಿಯಿಂದ ಒಂದು ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆ ಶುರುವಾಗೋದೇ 'ಪ್ರಾಮಿಸಸ್' ಅನ್ನೋ ಪದದಿಂದ. ಲಿಸ್ಕೋವ್ ಅಂದರೆ ಸಾಮಾನ್ಯರಲ್ಲ. ಎಪ್ಪತ್ತರ ದಶಕದಲ್ಲೇ ಸಿಎಲ್‌ಯು ಅನ್ನೋ ಭಾಷೆ ಕಟ್ಟಿದವರು, 2008ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಆ ಸಿಎಲ್‌ಯುವಿನಲ್ಲಿ ಒಂದು ಶಿಸ್ತು ಇತ್ತು. ಪ್ರತಿ ಪ್ರೊಸೀಜರ್ ತನ್ನ ತಲೆಬರಹದಲ್ಲೇ ಎರಡು ಸಂಗತಿ ಹೇಳಬೇಕು: ಗೆದ್ದರೆ ಏನು ಕೊಡ್ತೀನಿ, ಸೋತರೆ ಯಾವ ಯಾವ ರೀತಿ ಸೋಲ್ತೀನಿ. ಸೋಲಿನ ಪಟ್ಟಿ ಇಡೋ ಜಾಗಕ್ಕೆ 'ಸಿಗ್ನಲ್ಸ್' ಅಂತ ಹೆಸರು.

ಆರ್ಗಸ್ ಅನ್ನೋದು ಅದರ ಮುಂದಿನ ಭಾಷೆ. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಹರಡಿಕೊಂಡ ಪ್ರೋಗ್ರಾಮುಗಳಿಗಾಗಿ ಮಾಡಿದ್ದು. ದೂರದ ಕಂಪ್ಯೂಟರಿಗೆ ಒಂದು ಕೋರಿಕೆ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂತರೆ ನಿಧಾನ ಅಂತ, ಕೋರಿಕೆಗಳನ್ನು ಸಾಲಾಗಿ ಹರಿಬಿಟ್ಟು, ಪ್ರತಿಯೊಂದಕ್ಕೂ ಒಂದು ಪ್ರಾಮಿಸ್ ಇಟ್ಟುಕೊಳ್ಳೋ ಉಪಾಯ ಮಾಡಿದರು. ಪ್ರಬಂಧದಲ್ಲಿ ಕೊಟ್ಟ ಉದಾಹರಣೆ ಮೇಷ್ಟರುಗಳಿಗೆ ಇಷ್ಟವಾಗುವಂಥದ್ದು: ವಿದ್ಯಾರ್ಥಿಗಳ ಅಂಕಗಳನ್ನು ದಾಖಲಿಸೋದು, ಸರಾಸರಿ ಮುದ್ರಿಸೋದು.

ಇಲ್ಲಿನ ಪ್ರಾಮಿಸ್‌ನ ಗುಣ ಗಮನಿಸಿ. ಆ ಚೀಟಿಯ ಟೈಪಿನಲ್ಲೇ ಗೆಲುವಿನ ಟೈಪೂ ಇತ್ತು, ಸೋಲುಗಳ ಪಟ್ಟಿಯೂ ಇತ್ತು. 'ಇದು ಒಂದು ಸಂಖ್ಯೆ ಕೊಡೋ ಚೀಟಿ, ಮುರಿದರೆ ಇಂಥ ಇಂಥ ಕಾರಣಕ್ಕೆ ಮುರಿಯಬಹುದು' ಅಂತ ಮೊದಲೇ ಬರೆದಿರುತ್ತೆ. ಉತ್ತರ ಬೇಕಾದಾಗ 'ಕ್ಲೇಮ್' ಅಂತ ಕೇಳಬೇಕು. ಆಗ ಒಂದೋ ಬೆಲೆ ಬರುತ್ತೆ, ಇಲ್ಲಾ ಪಟ್ಟಿಯಲ್ಲಿರೋ ಯಾವುದೋ ಎಕ್ಸೆಪ್ಷನ್ ಏಳುತ್ತೆ. ಎಲ್ಲಿ ಏಳುತ್ತೆ ಅನ್ನೋದೂ ಸ್ಪಷ್ಟ, ನೀವು ಕ್ಲೇಮ್ ಅಂತ ಬರೆದ ಸಾಲಿನಲ್ಲಿ. ಇದರ ಜೊತೆಗೆ 'ಅನ್‌ಅವೈಲಬಲ್' ಮತ್ತು 'ಫೇಲ್ಯೂರ್' ಅಂತ ಎರಡು ಸೋಲುಗಳು ಎಲ್ಲ ದೂರದ ಕರೆಗಳಿಗೂ ಅಂಟಿಕೊಂಡೇ ಇರುತ್ತಿದ್ದವು. ದೂರದ ಯಂತ್ರ ಸತ್ತರೆ, ತಂತಿ ಕಡಿದರೆ, ನಿಮ್ಮ ಚೀಟಿ ಅನಂತಕಾಲ ನೇತಾಡಲ್ಲ. ಸಿಸ್ಟಮ್ಮೇ ಅದನ್ನು 'ಅನ್‌ಅವೈಲಬಲ್' ಅಂತ ಮುರಿದು ಕೈಗೆ ಕೊಡುತ್ತೆ.

ಎಷ್ಟು ನೇರವಾದ ಯೋಚನೆ ನೋಡಿ! ಆದರೆ ಅದೃಷ್ಟ ಇರಲಿಲ್ಲ. ಆರ್ಗಸ್‌ನ ಸಾರ್ವಜನಿಕ ಬಿಡುಗಡೆಗಳಲ್ಲಿ ಈ ಪ್ರಾಮಿಸ್ ಬರಲೇ ಇಲ್ಲ. ಪ್ರಬಂಧ ಉಳಿಯಿತು, ಭಾಷೆ ಹೋಯಿತು.

ಮುಂದಿನ ಕೊಂಡಿ ಮಾರ್ಕ್ ಮಿಲ್ಲರ್. 1997ರಲ್ಲಿ ಎಲೆಕ್ಟ್ರಿಕ್ ಕಮ್ಯುನಿಟೀಸ್ ಅನ್ನೋ ಕಂಪನಿಯಲ್ಲಿ ಅವರು, ಡ್ಯಾನ್ ಬೋರ್ನ್‌ಸ್ಟೀನ್ ಮತ್ತಿತರರು ಸೇರಿ 'ಇ' ಅನ್ನೋ ಒಂದೇ ಅಕ್ಷರದ ಹೆಸರಿನ ಭಾಷೆ ಮಾಡಿದರು. ಇದರಲ್ಲಿ ಕಾಯೋದು ಅನ್ನೋದೇ ಇಲ್ಲ. ಚೀಟಿ ಇನ್ನೂ ಕೈಗೂಡದಿದ್ದರೂ ಅದಕ್ಕೇ ಮುಂದಿನ ಸಂದೇಶ ಕಳಿಸಬಹುದು, ಅದು ಇನ್ನೊಂದು ಚೀಟಿ ಕೊಡುತ್ತೆ. ಹೀಗೆ ಸರಪಳಿ. ಮುರಿದ ಪ್ರಾಮಿಸ್‌ಗೆ 'ಬ್ರೋಕನ್' ಅಂತಲೇ ಹೆಸರು. ಒಂದು ಮುರಿದರೆ ಅದರ ಮೇಲೆ ಕಟ್ಟಿದ ಎಲ್ಲವೂ ಅದೇ ಕಾರಣ ಹೊತ್ತುಕೊಂಡು ಮುರಿಯುತ್ತಾ ಹೋಗುತ್ತವೆ, ಸಾಂಕ್ರಾಮಿಕ ರೋಗದ ಥರ. ಕೊನೆಯಲ್ಲಿ ಯಾರಾದರೂ ಒಬ್ಬರು ಹಿಡಿದರೆ ಸಾಕು. ಇವತ್ತಿನ ಜಾವಾಸ್ಕ್ರಿಪ್ಟ್ ಪ್ರಾಮಿಸ್‌ಗೆ ಈ ನಡವಳಿಕೆ ಇಲ್ಲಿಂದಲೇ ಬಂದದ್ದು. ಮಿಲ್ಲರ್ ಆಮೇಲೆ ಗೂಗಲ್‌ಗೆ ಹೋಗಿ ಜಾವಾಸ್ಕ್ರಿಪ್ಟಿನ ಮಾನಕ ಸಮಿತಿಯಲ್ಲಿ ಕೂತರು. ಆದರೆ ನಡುವೆ ಸೋಲಿನ ಪಟ್ಟಿ ಕಾಣೆಯಾಯಿತು. ಚೀಟಿ ಮುರಿಯಬಹುದು ಅನ್ನೋದು ಉಳಿಯಿತು, ಯಾವ ಯಾವ ಕಾರಣಕ್ಕೆ ಅನ್ನೋದು ಚೀಟಿಯ ಮೇಲಿಂದ ಅಳಿಸಿಹೋಯಿತು.

ಇನ್ನೊಂದು ದಾರಿಯಲ್ಲಿ ಪೈಥಾನ್ ಜನ ಬರುತ್ತಿದ್ದರು. 2000ದ ದಶಕದ ಆರಂಭದಲ್ಲಿ ಗ್ಲಿಫ್ ಲೆಫ್ಕೊವಿಟ್ಜ್ ಶುರು ಮಾಡಿದ ಟ್ವಿಸ್ಟೆಡ್ ಅನ್ನೋ ನೆಟ್‌ವರ್ಕಿಂಗ್ ತಂತ್ರಾಂಶದಲ್ಲಿ 'ಡಿಫರ್ಡ್' ಅನ್ನೋ ವಸ್ತು ಇತ್ತು. ಅದಕ್ಕೆ ಅಕ್ಕಪಕ್ಕ ಎರಡು ಹಳಿ, ಒಂದು 'ಕಾಲ್‌ಬ್ಯಾಕ್', ಇನ್ನೊಂದು 'ಎರ್‌ಬ್ಯಾಕ್'. ಕೆಲಸ ಸರಿಯಾಗಿ ಸಾಗುತ್ತಿದ್ದರೆ ಮೊದಲ ಹಳಿ, ಕೆಟ್ಟ ಕ್ಷಣ ಎರಡನೇ ಹಳಿಗೆ ಜಿಗಿತ, ಯಾರಾದರೂ ರಿಪೇರಿ ಮಾಡಿದರೆ ಮತ್ತೆ ಮೊದಲ ಹಳಿಗೆ. ಸುಟ್ಟ ಶರ್ಟಿನ ಪ್ರಶ್ನೆಗೆ ಟ್ವಿಸ್ಟೆಡ್ ಹುಡುಕಿದ ಉತ್ತರ ಜಾಣತನದ್ದು. ಚೀಟಿಯನ್ನು ಇನ್ನು ಯಾರೂ ಹಿಡಿದಿಲ್ಲ ಅಂತ ಮೆಮೊರಿಯಿಂದ ಅದನ್ನು ಗುಡಿಸಿಹಾಕೋ ಹೊತ್ತಿನಲ್ಲಿ, ಒಳಗೆ ಯಾರೂ ನೋಡದ ಎರರ್ ಇದ್ದರೆ ಲಾಗ್‌ನಲ್ಲಿ ಬರೆದು ಸಾಯುತ್ತೆ. ಸತ್ತವನ ಜೇಬಿನಲ್ಲಿ ಸಿಕ್ಕ ಪತ್ರದ ಹಾಗೆ. ತಡವಾದರೂ ಸುದ್ದಿ ಮುಟ್ಟುತ್ತೆ.

2005ರಲ್ಲಿ ಅಜಾಕ್ಸ್ ಅನ್ನೋ ಹೆಸರು ಹುಟ್ಟಿ ಬ್ರೌಸರಿನಲ್ಲಿ ಎಲ್ಲರಿಗೂ ಚೀಟಿ ಬೇಕಾಯಿತು. ಅದೇ ವರ್ಷ ಬಾಬ್ ಇಪ್ಪೊಲಿಟೊ ತಮ್ಮ ಮೋಚಿಕಿಟ್ ಲೈಬ್ರರಿಯಲ್ಲಿ ಟ್ವಿಸ್ಟೆಡ್‌ನ ಡಿಫರ್ಡನ್ನು ಜಾವಾಸ್ಕ್ರಿಪ್ಟಿಗೆ ತಂದರು, ಅಲ್ಲಿಂದ ಡೋಜೋ ತೆಗೆದುಕೊಂಡಿತು. ಎರಡು ಹಳಿಗಳು ಬಂದವು. ಸಾಯೋ ಹೊತ್ತಿನ ಪತ್ರ ಬರಲಿಲ್ಲ! ಯಾಕಂದರೆ ಒಂದು ವಸ್ತು ಮೆಮೊರಿಯಿಂದ ಹೋಗುವಾಗ ಅದನ್ನು ತಿಳಿಯೋ ದಾರಿಯೇ ಆಗಿನ ಜಾವಾಸ್ಕ್ರಿಪ್ಟಿನಲ್ಲಿ ಇರಲಿಲ್ಲ (ಅದು ಭಾಷೆಗೆ ಬಂದದ್ದು 2021ರಲ್ಲಿ). ಈ ಸಣ್ಣ ಕೊರತೆಯಿಂದ ಎಷ್ಟು ಜನರ ಎಷ್ಟು ರಾತ್ರಿಗಳು ಹಾಳಾದವೋ.

2009ರಲ್ಲಿ ರಯಾನ್ ಡಾಲ್ ನೋಡ್ ತಂದರು. ಜಾವಾಸ್ಕ್ರಿಪ್ಟ್ ಬ್ರೌಸರಿನಿಂದ ಹೊರಗೆ ಬಂದು ಸರ್ವರ್ ನಡೆಸೋಕೆ ಶುರು ಮಾಡಿತು. ನೋಡ್‌ನಲ್ಲಿ ಎಲ್ಲವೂ 'ಆಮೇಲೆ' ವ್ಯವಹಾರವೇ. 2009ರ ಜೂನ್‌ನಲ್ಲಿ ಅವರು ಅದಕ್ಕೆ ಪ್ರಾಮಿಸ್ ಸೇರಿಸಿದರು, 2010ರ ಫೆಬ್ರುವರಿಯಲ್ಲಿ ಕಿತ್ತು ಹಾಕಿದರು. ಅವು ಇವತ್ತಿನ ಥರ ಸರಪಳಿಯಾಗುವ ಪ್ರಾಮಿಸ್ ಆಗಿರಲಿಲ್ಲ, ಅದೂ ನಿಜ. ಬದಲಿಗೆ ಬಂದದ್ದು ಒಂದು ರೂಢಿ: ಪ್ರತಿ ಕಾಲ್‌ಬ್ಯಾಕಿನ ಮೊದಲ ಆರ್ಗ್ಯುಮೆಂಟ್ ಎರರ್, ಎರಡನೆಯದು ಡೇಟಾ. ಕಂಪೈಲರ್ ನೋಡಿಕೊಳ್ಳೋ ನಿಯಮ ಅಲ್ಲ, ಬರೀ ಒಪ್ಪಂದ. 'ಎರರ್ ಇದ್ದರೆ ಮೇಲಿನವರಿಗೆ ದಾಟಿಸು' ಅಂತ ಪ್ರತಿ ಮೆಟ್ಟಿಲಲ್ಲೂ ಕೈಯಾರೆ ಒಂದು ಸಾಲು ಬರೀಬೇಕು. ಹತ್ತು ಮೆಟ್ಟಿಲಿದ್ದರೆ ಹತ್ತು ಸಲ. ಒಂದು ಕಡೆ ಬಿಟ್ಟರೆ ಸೋಲಿನ ಸುದ್ದಿ ಅಲ್ಲೇ ಹೂತುಹೋಗುತ್ತೆ.

2018ರಲ್ಲಿ ಬರ್ಲಿನ್‌ನಲ್ಲಿ ನಡೆದ ಜೆಎಸ್‌ಕಾನ್ಫ್‌ನಲ್ಲಿ ಡಾಲ್ ಅವರೇ ವೇದಿಕೆ ಹತ್ತಿ, ನೋಡ್ ಬಗ್ಗೆ ತಮಗಿರೋ ಹತ್ತು ಪಶ್ಚಾತ್ತಾಪಗಳ ಪಟ್ಟಿ ಓದಿದರು. ಅದರಲ್ಲಿ ಮೊದಲನೆಯದೇ ಪ್ರಾಮಿಸ್‌ಗೆ ಅಂಟಿಕೊಳ್ಳದೆ ಹೋದದ್ದು. ತಾನು ಮಾಡಿದ್ದನ್ನು ಹೀಗೆ ಎಲ್ಲರ ಮುಂದೆ ಹೇಳೋ ಧೈರ್ಯ ನಮ್ಮ ಕ್ಷೇತ್ರದಲ್ಲಿ ಅಪರೂಪ. ಆದರೆ ನನಗೆ ಆ ಎಂಟು ತಿಂಗಳ ನಿರ್ಧಾರದ ಬಗ್ಗೆ ಡಾಲ್‌ಗಿಂತ ಸ್ವಲ್ಪ ಹೆಚ್ಚು ಸಹಾನುಭೂತಿ ಇದೆ. ಆಗ ಜಾವಾಸ್ಕ್ರಿಪ್ಟಿನಲ್ಲಿ ಪ್ರಾಮಿಸ್ ಅಂದರೆ ಏನು ಅಂತ ಇಬ್ಬರು ಒಂದೇ ಥರ ಹೇಳುತ್ತಿರಲಿಲ್ಲ.

ಸಾಕ್ಷಿ ಬೇಕಾದರೆ ಜೆಕ್ವೆರಿ ನೋಡಿ. 2011ರ ಜನವರಿ ಕೊನೆಗೆ ಬಂದ 1.5ನೇ ಆವೃತ್ತಿಯಲ್ಲಿ ಡಿಫರ್ಡ್ ಬಂತು. ಆಗ ಜೆಕ್ವೆರಿ ಇಲ್ಲದ ವೆಬ್‌ಸೈಟ್ ಹುಡುಕೋದು ಕಷ್ಟ, ಹಾಗಾಗಿ ಬಹಳ ಜನ ಪ್ರಾಮಿಸ್ ಅನ್ನೋದನ್ನು ಮೊದಲು ಕಂಡದ್ದು ಅಲ್ಲೇ. ಕಂಡದ್ದು ಅರ್ಧ ಮಾತ್ರ. 'ದೆನ್' ಒಳಗೆ ಬರೆದ ಕೋಡಿನಲ್ಲಿ ಎಕ್ಸೆಪ್ಷನ್ ಎದ್ದರೆ ಅದು ಮುರಿದ ಪ್ರಾಮಿಸ್ ಆಗುತ್ತಿರಲಿಲ್ಲ, ಸೀದಾ ಸರಪಳಿಯಿಂದ ಹೊರಗೆ ಸಿಡಿದು ಹೋಗುತ್ತಿತ್ತು. ಎರಡನೇ ಹಳಿ ಇತ್ತು, ಜಿಗಿಯೋ ಜಾಗ ಇರಲಿಲ್ಲ. 2012ರ ಅಕ್ಟೋಬರಿನಲ್ಲಿ ಡೊಮೆನಿಕ್ ಡೆನಿಕೋಲಾ ಇದನ್ನೇ ಹಿಡಿದು ಒಂದು ಖಾರವಾದ ಲೇಖನ ಬರೆದರು. ಅದರ ಸಾರ ಇಷ್ಟು: ಪ್ರಾಮಿಸ್ ಅಂದರೆ ಕಾಲ್‌ಬ್ಯಾಕ್‌ಗಳನ್ನು ಪೇರಿಸಿಡೋ ಕಪಾಟಲ್ಲ. ಮಾಮೂಲಿ ಪ್ರೋಗ್ರಾಮಿನಲ್ಲಿ ನಮಗೆ ಪುಕ್ಕಟೆ ಸಿಗೋ ಎರಡು ಸೌಲಭ್ಯಗಳನ್ನು, ಅಂದರೆ ಫಲಿತಾಂಶ ವಾಪಸ್ ಕೊಡೋದನ್ನೂ ಎರರ್ ತಾನಾಗಿ ಮೇಲಕ್ಕೆ ಏರೋದನ್ನೂ, 'ಆಮೇಲೆ'ಯ ಜಗತ್ತಿಗೆ ತಂದುಕೊಡೋದೇ ಅದರ ಉದ್ದೇಶ. ಎರಡನೆಯದು ಇಲ್ಲದಿದ್ದರೆ ಪ್ರಾಮಿಸ್ ಅಂತ ಕರೀಬೇಡಿ.

ಅದೇ ಡಿಸೆಂಬರಿನಲ್ಲಿ 'ಪ್ರಾಮಿಸಸ್ ಎ ಪ್ಲಸ್' ಅನ್ನೋ ಚಿಕ್ಕ ಮಾನಕ ಬಂತು. ಅದು 'ದೆನ್' ಒಂದನ್ನೇ ವಿವರಿಸುತ್ತೆ, ಬೇರೇನೂ ಇಲ್ಲ. 2014ರ ಜನವರಿಯಲ್ಲಿ ಕ್ರೋಮ್ 32ರಲ್ಲಿ ಪ್ರಾಮಿಸ್ ಬ್ರೌಸರಿನ ಒಳಗೇ ಸೇರಿತು, 2015ರ ಜೂನ್‌ನಲ್ಲಿ ಭಾಷೆಯ ಮಾನಕಕ್ಕೂ ಬಂತು. ಜೆಕ್ವೆರಿ ದಾರಿಗೆ ಬಂದದ್ದು ಮೂರನೇ ಆವೃತ್ತಿಯಲ್ಲಿ, 2016ರಲ್ಲಿ. ಐದು ವರ್ಷ!

ಎಲ್ಲ ಸರಿಹೋಯ್ತು ಅಂದುಕೊಳ್ಳೋ ಹೊತ್ತಿಗೆ ಸುಟ್ಟ ಶರ್ಟು ಮತ್ತೆ ಬಂತು. ಈಗ ಎಕ್ಸೆಪ್ಷನ್ ತಪ್ಪದೆ ಮುರಿದ ಪ್ರಾಮಿಸ್ ಆಗುತ್ತೆ, ಸರಿ. ಆ ಪ್ರಾಮಿಸ್‌ಗೆ ಯಾರೂ 'ಕ್ಯಾಚ್' ಹಾಕದಿದ್ದರೆ? ಹಿಂದೆ ಜೆಕ್ವೆರಿಯಲ್ಲಿ ಹೊರಗೆ ಸಿಡಿದು ಕೆಂಪು ಅಕ್ಷರದಲ್ಲಾದರೂ ಕಾಣುತ್ತಿದ್ದ ಎರರ್ ಈಗ ಸದ್ದಿಲ್ಲದೆ ನುಂಗಿಹೋಗುತ್ತಿತ್ತು. ನಾನು ಹಿಂದೊಮ್ಮೆ ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಹೊತ್ತು ಗ್ರಾಹಕರಿಗೆ ರಸೀದಿ ಕಳಿಸೋ ಒಂದು ಪ್ರೋಗ್ರಾಂ ಇತ್ತು. ಹನ್ನೊಂದು ದಿನ ರಸೀದಿ ಹೋಗಿರಲಿಲ್ಲ. ಲಾಗ್ ತೆಗೆದು ನೋಡಿದರೆ ಪ್ರತಿ ರಾತ್ರಿ 'ಶುರುವಾಯಿತು', 'ಮುಗಿಯಿತು' ಅಂತ ಎರಡು ಸಾಲು, ಮಧ್ಯೆ ಏನೂ ಇಲ್ಲ. ಮೇಲ್ ಸರ್ವರಿನ ಪಾಸ್‌ವರ್ಡ್ ಬದಲಾಗಿತ್ತು, ಪ್ರಾಮಿಸ್ ಪ್ರತಿ ರಾತ್ರಿ ನಿಯತ್ತಾಗಿ ಮುರಿಯುತ್ತಿತ್ತು, ಕೇಳೋರು ಇರಲಿಲ್ಲ. ಕೊನೆಗೆ ವಿಷಯ ಗೊತ್ತಾದದ್ದು ಒಬ್ಬ ಗ್ರಾಹಕರು ಫೋನ್ ಮಾಡಿ ಬೈದಾಗ. ನೋಡ್ ಬಳಸೋರಲ್ಲಿ ಆ ಕಾಲದ ಇಂಥ ಕಥೆ ಇಲ್ಲದವರು ಕಡಿಮೆ.

'ಹಾಗಾದರೆ ಕ್ಯಾಚ್ ಇಲ್ಲದ ಪ್ರಾಮಿಸ್ ಮುರಿದ ಕೂಡಲೇ ಕಿರುಚಿಬಿಡಲಿ' ಅನ್ನಿಸುತ್ತೆ, ಅಲ್ವಾ? ತೊಡಕು ಏನಂದರೆ, ಚೀಟಿ ಈಗ ಮುರಿದಿದ್ದರೂ ಯಾರೋ ಇನ್ನೊಂದು ಕ್ಷಣಕ್ಕೆ ಬಂದು ಕೇಳಬಹುದು. ಐದು ನಿಮಿಷ ಬಿಟ್ಟು ಬಂದು ಕೇಳಿದರೂ ಅದು ನ್ಯಾಯವೇ, ಚೀಟಿಯ ಉದ್ದೇಶವೇ ಅದು. 'ಯಾರೂ ಬರಲ್ಲ' ಅಂತ ಖಚಿತವಾಗಿ ಹೇಳೋದು ಹೇಗೆ? ಕ್ರಿಸ್ ಕೋವಲ್ ಅವರ 'ಕ್ಯೂ' ಲೈಬ್ರರಿ ಈ ಭಾರವನ್ನು ಬರೆಯೋರ ಮೇಲೆ ಹಾಕಿತು: ಸರಪಳಿ ಮುಗಿದಾಗ 'ಡನ್' ಅಂತ ಬರೆಯಿರಿ, ಆಗ ಉಳಿದ ಎರರ್ ಹೊರಗೆ ಎಸೀತೀನಿ. ಬರೆಯೋದು ಮರೆತರೆ ಮತ್ತೆ ಮೌನ. ಪೆಟ್ಕಾ ಆಂಟೊನೊವ್ 2013ರಲ್ಲಿ ತಂದ ಬ್ಲೂಬರ್ಡ್ ಇನ್ನೊಂದು ದಾರಿ ಹಿಡಿಯಿತು. ಸ್ವಲ್ಪ ಹೊತ್ತು ನೋಡಿ, ಯಾರೂ ಬರದಿದ್ದರೆ 'ಇದನ್ನು ಬಹುಶಃ ಯಾರೂ ನೋಡಿಲ್ಲ' ಅಂತ ಹೇಳುತ್ತಿತ್ತು. ಆ 'ಬಹುಶಃ' ನನಗೆ ಇಷ್ಟ. ಬ್ಲೂಬರ್ಡಿನಲ್ಲಿ ಇನ್ನೊಂದು ಒಳ್ಳೇದಿತ್ತು, ಕ್ಯಾಚ್ ಹಾಕುವಾಗ ಇಂಥ ಜಾತಿಯ ಎರರ್ ಮಾತ್ರ ಹಿಡಿ ಅಂತ ಹೇಳಬಹುದಿತ್ತು. ಅದು ಮಾನಕಕ್ಕೆ ಬರಲಿಲ್ಲ.

ನೋಡ್ ಬ್ಲೂಬರ್ಡಿನ ದಾರಿಯಲ್ಲೇ ಹೋಯಿತು, ಆದರೆ ಬಹಳ ನಿಧಾನವಾಗಿ. 2016ರಲ್ಲಿ ಎಚ್ಚರಿಕೆ ಮುದ್ರಿಸೋಕೆ ಶುರು ಮಾಡಿತು, ಮುಂದೆ ಇಂಥ ಪ್ರೋಗ್ರಾಮನ್ನೇ ನಿಲ್ಲಿಸ್ತೀನಿ ಅಂತ ಗದರಿಸಿತು. ಗದರಿಕೆ ನಿಜವಾದದ್ದು 2020ರ ಅಕ್ಟೋಬರಿನ 15ನೇ ಆವೃತ್ತಿಯಲ್ಲಿ. ಅಲ್ಲಿಂದ ಯಾರೂ ಹಿಡಿಯದ ಮುರಿದ ಪ್ರಾಮಿಸ್ ಇದ್ದರೆ ಇಡೀ ಪ್ರೋಸೆಸ್ ಬೀಳುತ್ತೆ. ತಮಾಷೆ ಅಂದರೆ ಮೈಕ್ರೋಸಾಫ್ಟಿನ ಡಾಟ್‌ನೆಟ್ ಸರಿಯಾಗಿ ಇದರ ಉಲ್ಟಾ ನಡೆದಿತ್ತು. 2010ರ 4.0 ಆವೃತ್ತಿಯಲ್ಲಿ, ಯಾರೂ ನೋಡದ ಟಾಸ್ಕಿನ ಎರರ್ ಕಸ ಗುಡಿಸೋ ಹೊತ್ತಿನಲ್ಲಿ ಪ್ರೋಗ್ರಾಮನ್ನೇ ಬೀಳಿಸುತ್ತಿತ್ತು. 2012ರ 4.5ರಲ್ಲಿ ಅದನ್ನು ಸಡಿಲಿಸಿ ಸುಮ್ಮನೆ ಬಿಟ್ಟರು. ಒಬ್ಬರು ಕಿರುಚಾಟದಿಂದ ಮೌನಕ್ಕೆ, ಇನ್ನೊಬ್ಬರು ಮೌನದಿಂದ ಕಿರುಚಾಟಕ್ಕೆ. ನನ್ನನ್ನು ಕೇಳಿದರೆ ನೋಡ್ ಮಾಡಿದ್ದೇ ಸರಿ. ರಸೀದಿ ಹೋಗದಿದ್ದರೆ ಬೆಳಗ್ಗೆ ಎದ್ದಾಗ ಪ್ರೋಗ್ರಾಂ ಸತ್ತು ಬಿದ್ದಿರಲಿ, ಕಡೇಪಕ್ಷ ಗೊತ್ತಾಗುತ್ತೆ.

ಇಲ್ಲಿ ಒಂದು ಉಪಕಥೆ. ಮುರಿಯದೆಯೂ ಕೈಗೂಡದೆಯೂ ಸುಮ್ಮನೆ ಉಳಿದುಹೋಗೋ ಪ್ರಾಮಿಸ್‌ಗಳೂ ಇವೆ. ನಮ್ಮ ಕಡೆ ಹಿಂದೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದದ್ದು ನೆನಪಿದೆಯಾ? ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗಿ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದಬೇಕು. ದೆವ್ವಕ್ಕೆ ಕೊಟ್ಟ ಆ ಪ್ರಾಮಿಸ್ ಯಾವತ್ತೂ ಪೆಂಡಿಂಗ್ :-) ಮುರಿದೇ ಇಲ್ಲ, ಹಾಗಾಗಿ ನೋಡ್ 15 ಕೂಡ ಏನೂ ಹೇಳಲ್ಲ. ಆರ್ಗಸ್‌ನಲ್ಲಿ ಇದಕ್ಕೆ ಸಿಸ್ಟಮ್ಮಿನದೇ 'ಅನ್‌ಅವೈಲಬಲ್' ಇತ್ತು ಅಂದೆನಲ್ಲ. ನಮಗೆ ಅದಿಲ್ಲ. ಇಷ್ಟು ಸೆಕೆಂಡಿನೊಳಗೆ ಆಗದಿದ್ದರೆ ಸೋತ ಹಾಗೆ ಅಂತ ನಾವೇ ಟೈಮರ್ ಇಟ್ಟುಕೊಳ್ಳಬೇಕು.

ಈಗ ಮೊದಲು ಹೇಳಿದ ಪುಟಾಣಿಗೆ ಬರೋಣ. 2012ರಲ್ಲಿ ಸಿ ಶಾರ್ಪ್ 5.0 'ಅಸಿಂಕ್' ಮತ್ತು 'ಅವೇಟ್' ಅನ್ನೋ ಎರಡು ಪದಗಳನ್ನು ಜನಪ್ರಿಯ ಮಾಡಿತು. 2015ರಲ್ಲಿ ಪೈಥಾನ್ 3.5ಕ್ಕೆ ಬಂತು, 2017ರಲ್ಲಿ ಜಾವಾಸ್ಕ್ರಿಪ್ಟಿಗೆ. ಅವೇಟ್ ಅಂದರೆ ಹೆಚ್ಚುಕಡಿಮೆ ಲಿಸ್ಕೋವ್ ಅವರ ಕ್ಲೇಮ್. ಆ ಸಾಲಿನಲ್ಲಿ ಉತ್ತರ ಬರುತ್ತೆ, ಇಲ್ಲಾ ಎಕ್ಸೆಪ್ಷನ್ ಏಳುತ್ತೆ. ಒಂದೇ ವ್ಯತ್ಯಾಸ, ಇಲ್ಲಿ ಕಾಯುವಾಗ ಉಳಿದ ಪ್ರೋಗ್ರಾಂ ನಿಲ್ಲಲ್ಲ. ಎಕ್ಸೆಪ್ಷನ್ ಹಿಡಿಯೋಕೆ ಮತ್ತೆ ಹಳೇ 'ಟ್ರೈ-ಕ್ಯಾಚ್'. ಮೂರು ಬೇರೆ ಬೇರೆ ಕೋರಿಕೆ ಇದ್ದು, ಮೂರಕ್ಕೂ ಬೇರೆ ಬೇರೆ ಉತ್ತರ ಹೇಳಬೇಕಾದರೆ ಮೂರು ಟ್ರೈ-ಕ್ಯಾಚ್. ಟ್ರೈ ಒಳಗೆ ಘೋಷಿಸಿದ ಹೆಸರು ಹೊರಗೆ ಸಿಗಲ್ಲ, ಆದ್ದರಿಂದ ಎಲ್ಲವನ್ನೂ ಮೊದಲೇ ಹೊರಗೆ ಘೋಷಿಸಬೇಕು. ಕೋಡ್ ಉದ್ದವಾಗುತ್ತೆ, ಅಸಹ್ಯವಾಗುತ್ತೆ.

2017ರಲ್ಲೇ ಡಿಮಾ ಗ್ರೋಸ್‌ಮನ್ ಅನ್ನೋ ಪ್ರೋಗ್ರಾಮರ್ ಇದಕ್ಕೆ ಮದ್ದು ಅಂತ ಒಂದು ಲೇಖನ ಬರೆದು, 'ಅವೇಟ್-ಟು-ಜೆಎಸ್' ಅಂತ ಲೈಬ್ರರಿ ಬಿಟ್ಟರು. ಸ್ಫೂರ್ತಿ ಗೋ ಭಾಷೆ. ಅಲ್ಲಿ ಫಂಕ್ಷನ್ ಎರಡು ಬೆಲೆ ಕೊಡುತ್ತೆ, ಫಲಿತಾಂಶ ಮತ್ತು ಎರರ್. ಟು ಮಾಡೋದು ಇಷ್ಟೇ: ಪ್ರಾಮಿಸ್ ಕೈಗೂಡಿದರೆ 'ಖಾಲಿ, ಡೇಟಾ' ಅನ್ನೋ ಜೋಡಿ, ಮುರಿದರೆ 'ಎರರ್, ಖಾಲಿ' ಅನ್ನೋ ಜೋಡಿ. ಬಳಸೋದು ಹೀಗೆ, ಕನ್ನಡದಲ್ಲೇ ಬರೆದರೆ:

[ಎರರ್, ಗ್ರಾಹಕ] = ಅವೇಟ್ ಟು( ಗ್ರಾಹಕನನ್ನು_ತಾ(42) )

ಗೋ ಭಾಷೆಯಲ್ಲಿ ಎರರ್ ಕೊನೆಗೆ ಬರುತ್ತೆ, ಇಲ್ಲಿ ಮೊದಲು. ಮೊದಲು ಎರರ್, ಆಮೇಲೆ ಡೇಟಾ. ಎಲ್ಲೋ ನೋಡಿದ ಹಾಗಿದೆಯಲ್ಲ? ಡಾಲ್ ಅವರು ಪ್ರಾಮಿಸ್ ಕಿತ್ತಾಗ ಉಳಿದುಕೊಂಡ ರೂಢಿ ಇದೇ. ಏಳು ವರ್ಷ ಕಷ್ಟಪಟ್ಟು ಪ್ರಾಮಿಸ್ ತಂದು, ಅದರ ಮೇಲೆ ಅವೇಟ್ ಕೂರಿಸಿ, ಅದರ ಮೇಲೆ ನಾಲ್ಕು ಸಾಲು ಬರೆದು ನಾವು ಮತ್ತೆ 2010ಕ್ಕೆ ಬಂದು ನಿಂತೆವು!

ಪೂರ್ತಿ ಅಲ್ಲಿಗೇ ಅಲ್ಲ ಅನ್ನಿ. ಆಗ ಹತ್ತು ಮೆಟ್ಟಿಲಲ್ಲೂ ಕಡ್ಡಾಯವಾಗಿತ್ತು, ಈಗ ಬೇಕಾದ ಕಡೆ ಮಾತ್ರ ಬಳಸಬಹುದು, ಉಳಿದ ಕಡೆ ಎರರ್ ತಾನಾಗಿ ಮೇಲೇರುತ್ತೆ. ಅದು ದೊಡ್ಡ ಲಾಭವೇ. 2020ರಲ್ಲಿ ಮಾನಕಕ್ಕೆ ಬಂದ 'ಆಲ್‌ಸೆಟಲ್ಡ್' ಕೂಡ ಇದೇ ಗುಣದ್ದು. ಹತ್ತು ಪ್ರಾಮಿಸ್ ಕೊಟ್ಟರೆ ಯಾವುದು ಗೆದ್ದಿತು, ಯಾವುದು ಸೋತಿತು ಅಂತ ಸಾಲಾಗಿ ವರದಿ ಕೊಡುತ್ತೆ, ತಾನು ಮಾತ್ರ ಸೋಲಲ್ಲ.

ಆದರೆ ಈ ಪುಟಾಣಿಯಲ್ಲಿ ಮೂರು ತೂತುಗಳಿವೆ. ಒಂದು, ಟು ಕೈಗೆ ಪ್ರಾಮಿಸ್ ತಲುಪೋ ಮೊದಲೇ ಎಕ್ಸೆಪ್ಷನ್ ಎದ್ದರೆ ಅದಕ್ಕೆ ಏನೂ ಮಾಡೋಕಾಗಲ್ಲ. ಮೇಲಿನ ಸಾಲಿನಲ್ಲಿ 'ಗ್ರಾಹಕನನ್ನು_ತಾ' ಅನ್ನೋದು ಅಸಿಂಕ್ ಅಲ್ಲದ ಫಂಕ್ಷನ್ ಆಗಿದ್ದು, ಪ್ರಾಮಿಸ್ ಕೊಡೋ ಮುಂಚೆ ಯಾವುದೋ ಕೆಟ್ಟ ಜೇಸನ್ ಓದಲು ಹೋಗಿ ಬಿದ್ದರೆ, ಟು ಶುರುವಾಗಿಯೇ ಇರಲ್ಲ. ಚೀಟಿ ಬರೆಯುವಾಗಲೇ ಟೈಲರ್ ಪೆನ್ನು ಮುರಿದ ಹಾಗೆ. ಇದಕ್ಕೆ ಹಳೇ ಲೈಬ್ರರಿಗಳಲ್ಲಿ ಮದ್ದಿತ್ತು, ಭಾಷೆಗೇ 'ಪ್ರಾಮಿಸ್ ಟ್ರೈ' ಅಂತ ಬಂದದ್ದು 2025ರ ಮಾನಕದಲ್ಲಿ.

ಎರಡು, ಜೋಡಿಯಲ್ಲಿ ಬಂದ ಎರರನ್ನು ನೀವು ನೋಡದೆ ಮುಂದೆ ಹೋಗಬಹುದು. ಟು ಅದನ್ನು ಹಿಡಿದಾಗಿದೆ, ಆದ್ದರಿಂದ ನೋಡ್ ಲೆಕ್ಕದಲ್ಲಿ ಅದು 'ಯಾರೋ ನೋಡಿದ' ಎರರ್. 2020ರಲ್ಲಿ ಅಷ್ಟು ಕಷ್ಟಪಟ್ಟು ಇಟ್ಟ ಕಾವಲುಗಾರನನ್ನು ನಾಲ್ಕು ಸಾಲು ಹಿಂಬಾಗಿಲಿಂದ ಕಳಿಸಿಬಿಡುತ್ತೆ. ರಸ್ಟ್ ಭಾಷೆಯವರು ಇಲ್ಲಿ ಜಾಣರು. ಅವರ 'ರಿಸಲ್ಟ್' ಕೂಡ ಗೆಲುವು-ಸೋಲಿನ ಡಬ್ಬಿಯೇ, ಆದರೆ ತೆರೆದು ನೋಡದೆ ಹಾಗೇ ಬಿಟ್ಟರೆ ಕಂಪೈಲರ್ ಎಚ್ಚರಿಸುತ್ತೆ.

ಮೂರನೆಯದೇ ನನ್ನ ಮುಖ್ಯ ತಕರಾರು. ಟು ಎಲ್ಲ ಸೋಲುಗಳನ್ನೂ ಒಂದೇ ಚೀಲಕ್ಕೆ ತುಂಬುತ್ತೆ. 'ಆ ನಂಬರಿನ ಗ್ರಾಹಕ ಇಲ್ಲ' ಅನ್ನೋದು ನಿರೀಕ್ಷಿತ ಸಂಗತಿ, ಬಳಕೆದಾರರಿಗೆ ಹೇಳಿದರೆ ಮುಗಿಯಿತು. ವೇರಿಯಬಲ್ ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ಎದ್ದ ಎರರ್ ಬೇರೆ ಜಾತಿ, ಅದು ಪ್ರೋಗ್ರಾಮಿನದೇ ದೋಷ. ಚೀಲದಿಂದ ತೆಗೆದಾಗ ಎರಡೂ ಒಂದೇ ಥರ ಕಾಣುತ್ತವೆ, ಎರಡಕ್ಕೂ ಬಳಕೆದಾರರು ನೋಡೋದು 'ಗ್ರಾಹಕ ಸಿಗಲಿಲ್ಲ'. ಟೈಪ್‌ಸ್ಕ್ರಿಪ್ಟ್ ಕೂಡ ಇಲ್ಲಿ ಸಹಾಯಕ್ಕೆ ಬರಲ್ಲ. ಅದರಲ್ಲಿ ಪ್ರಾಮಿಸ್‌ನ ಟೈಪ್ ಅಂದರೆ ಗೆಲುವಿನ ಟೈಪ್ ಮಾತ್ರ, ಸೋಲಿಗೆ ಜಾಗವೇ ಇಲ್ಲ. ಹಿಡಿದ ಎರರ್ ಏನು ಅಂತ ಕೇಳಿದರೆ 'ಗೊತ್ತಿಲ್ಲ' ಅಂತ ಹೇಳೋ ಸೌಲಭ್ಯವನ್ನು 2020-21ರಲ್ಲಿ ಸೇರಿಸಿದರು. ಪ್ರಾಮಾಣಿಕವಾದ ಉತ್ತರ, ಒಪ್ಪೋಣ. ಆದರೆ 1988ರ ಚೀಟಿಗೆ ಅದು ಗೊತ್ತಿತ್ತು.

ಹಾಗಂತ ಟು ಬಿಡಿ ಅಂತ ನಾನು ಹೇಳಲ್ಲ. ನಾನೂ ಬಳಸ್ತೀನಿ, ಒಂದು ತಿದ್ದುಪಡಿಯೊಂದಿಗೆ. ನನ್ನ ಪ್ರತಿಯಲ್ಲಿ ಅದು ಎರಡು ಆರ್ಗ್ಯುಮೆಂಟ್ ಕೇಳುತ್ತೆ. ಮೊದಲನೆಯದು ಪ್ರಾಮಿಸ್ ಬದಲು ಪ್ರಾಮಿಸ್ ಕೊಡೋ ಫಂಕ್ಷನ್, ಅದನ್ನು ಟು ತಾನೇ ಕರೆಯುತ್ತೆ. ಎರಡನೆಯದು ನಾನು ನಿರೀಕ್ಷಿಸೋ ಎರರ್ ಜಾತಿಗಳ ಪಟ್ಟಿ. ಪಟ್ಟಿಯಲ್ಲಿರೋದು ಬಂದರೆ ಜೋಡಿಯಾಗಿ ಕೈಗೆ ಬರುತ್ತೆ. ಇಲ್ಲದ್ದು ಬಂದರೆ ಟು ಅದನ್ನು ಹಾಗೇ ಮೇಲಕ್ಕೆ ಎಸೆಯುತ್ತೆ, ನೋಡ್ ನೋಡಿಕೊಳ್ಳಲಿ ಅಂತ. ನಾಲ್ಕು ಸಾಲಿನದು ಒಂಬತ್ತು ಸಾಲಾಗಿದೆ. ಆ ಪಟ್ಟಿಯ ವೇರಿಯಬಲ್ಲಿಗೆ 'ಸಿಗ್ನಲ್ಸ್' ಅಂತ ಹೆಸರಿಟ್ಟಿದ್ದೀನಿ. ಯಾಕೆ ಅಂತ ಟೀಮಿನಲ್ಲಿ ಇನ್ನೂ ಯಾರೂ ಕೇಳಿಲ್ಲ.